ಯಾವ ತಕ್ಕಡಿಯಲ್ಲಿ ತೂಗುವುದು?
ಕಬ್ಬಿಣ, ಸಿಮೆಂಟು ಮತ್ತು ಲೋಕದ ಇಂಗಾಲಾಮ್ಲದ ಲೆಕ್ಕ

(ಕೆಂಚನಗುಡ್ಡದಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಹೊಳೆದಂಡೆಯ ಈ ಊರಿನಲ್ಲಿ ಸಭೆ ಸೇರಿದರೆ ನೆಲ್ಲಿನ ಬೆಲೆಯ ಮಾತು, ಕಾಲುವೆ ನೀರಿನ ಮಾತು, ಹಮಾಲಿ ದರದ ಮಾತು ನಡೆಯುವುದು ವಾಡಿಕೆ. ಚೀನಾ, ಯೂರೋಪು, ಅಮೆರಿಕಗಳ ಕಾರ್ಖಾನೆಗಳಿಂದ ಹೊರಬೀಳುವ ಅನಿಲದ ಮಾತು ಇಲ್ಲಿ ಯಾತಕ್ಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ಆದುದರಿಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

2026ರ ಜನವರಿ 1ರಿಂದ ಯೂರೋಪಿನ ಒಕ್ಕೂಟವು ತನ್ನ ಗಡಿಯೊಳಕ್ಕೆ ಬರುವ ಕಬ್ಬಿಣ, ಉಕ್ಕು, ಸಿಮೆಂಟು, ಅಲ್ಯುಮಿನಿಯಂ, ರಸಗೊಬ್ಬರ ಮೊದಲಾದ ಸರಕುಗಳ ಮೇಲೆ ಒಂದು ಹೊಸ ಸುಂಕದ ಲೆಕ್ಕವನ್ನು ಆರಂಭಿಸಿದೆ. ಅದಕ್ಕೂ ಮೊದಲು, 2023ರ ಅಕ್ಟೋಬರಿನಿಂದ, ಬರಿಯ ಲೆಕ್ಕಪತ್ರ ಕೇಳುತ್ತಿದ್ದರು. ಈಗ ಹಣವನ್ನೇ ಕೇಳುತ್ತಾರೆ. ಈ ಸುಂಕವು ಸರಕಿನ ಬೆಲೆಯ ಮೇಲೆ ಬೀಳುವುದಲ್ಲ. ಆ ಸರಕನ್ನು ತಯಾರಿಸುವಾಗ ಎಷ್ಟು ಇಂಗಾಲಾಮ್ಲ ಆಕಾಶಕ್ಕೆ ಹೋಯಿತೋ ಅದರ ಮೇಲೆ ಬೀಳುತ್ತದೆ. ಇಂಗಾಲಾಮ್ಲವೆಂದರೆ ಈಗಿನ ಪತ್ರಿಕೆಗಳು ಕಾರ್ಬನ್ ಡೈಆಕ್ಸೈಡ್ ಎಂದು ಬರೆಯುವ ಅನಿಲವೇ. ಭೂಮಿಯ ಕಾವನ್ನು ಹಿಡಿದಿಟ್ಟುಕೊಂಡು ಬಿಸಿಲನ್ನು ಏರಿಸುವುದು, ಮಳೆಗಾಲದ ಗತಿಯನ್ನು ಕೆಡಿಸುವುದು ಇದರ ಕೆಲಸ.

ನಮ್ಮ ಜಿಲ್ಲೆ ಕಬ್ಬಿಣದ ಜಿಲ್ಲೆ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಸರಕಾರಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಆ ಕಾರ್ಖಾನೆ ಮೇಲೇಳಲೇ ಇಲ್ಲ. 1990ರ ದಶಕದಲ್ಲಿ ಅಲ್ಲಿ ಎದ್ದು ನಿಂತದ್ದು ಖಾಸಗಿ ಬಂಡವಾಳದ ಜಿಂದಾಲ್ ಕಾರ್ಖಾನೆ. ಇಂದು ಅದು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಗಿಲಾಗಿ ಉಕ್ಕು ತಯಾರಿಸಬಲ್ಲದು. ಅದರ ಸುತ್ತಮುತ್ತ, ಬಳ್ಳಾರಿಯ ಆಸುಪಾಸಿನಲ್ಲಿ, ಕಲ್ಲಿದ್ದಲಿನಿಂದ ಸ್ಪಾಂಜ್ ಕಬ್ಬಿಣ ಮಾಡುವ ಅನೇಕ ಘಟಕಗಳಿವೆ. ಸಿರುಗುಪ್ಪ, ಕುರುಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬ ಗಿರಣಿಗೆ ಹೋದರೆ ಇನ್ನೊಬ್ಬ ಆ ಕಡೆ ಕೂಲಿಗೆ, ಲಾರಿಗೆ, ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಯೂರೋಪಿನ ಬಂದರಿನಲ್ಲಿ ಹಾಕಿದ ಸುಂಕ ಕಟ್ಟಕಡೆಗೆ ಯಾರ ತಲೆಯ ಮೇಲೆ ಬಂದು ಕೂರುತ್ತದೆ ಎಂಬುದು ಹೀಗಾಗಿ ನಮ್ಮ ಮನೆಯ ಪ್ರಶ್ನೆಯೇ ಆಗಿದೆ.

ಇಲ್ಲಿ ಕುಳಿತಿರುವ ವ್ಯಾಪಾರಿಗಳಿಗೆ ತಕ್ಕಡಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಒಂದೇ ಮಾಲನ್ನು ಚೀಲದ ಲೆಕ್ಕದಲ್ಲಿ ಮಾರಿದರೆ ಒಂದು ಬೆಲೆ, ತೂಕದ ಲೆಕ್ಕದಲ್ಲಿ ಮಾರಿದರೆ ಇನ್ನೊಂದು ಬೆಲೆ. ಲೋಕದ ರಾಷ್ಟ್ರಗಳ ಇಂಗಾಲಾಮ್ಲವನ್ನು ತೂಗುವುದಕ್ಕೂ ಒಂದಲ್ಲ, ನಾಲ್ಕು ತಕ್ಕಡಿಗಳಿವೆ. ಒಂದೊಂದರಲ್ಲಿ ಒಂದೊಂದು ರಾಷ್ಟ್ರ ತಪ್ಪುಗಾರನಾಗಿ ಕಾಣುತ್ತದೆ. ತೂಗುವವನು ತನಗೆ ಅನುಕೂಲವಾದ ತಕ್ಕಡಿಯನ್ನು ಮುಂದಿಟ್ಟು ಉಳಿದವನ್ನು ಬಚ್ಚಿಡುತ್ತಾನೆ. ಈ ನಾಲ್ಕನ್ನೂ ನೋಡದೆ ಕೊಟ್ಟ ತೀರ್ಪು ತೀರ್ಪಲ್ಲ ಎಂಬುದೇ ಇವತ್ತು ನಾವು ಹೇಳಬೇಕೆಂದಿರುವ ಮಾತು.

ಕಲ್ಲಿನೊಳಗಿನ ಅನಿಲ

ತೂಗುವ ಮೊದಲು ಮಾಲು ಯಾವುದೆಂದು ತಿಳಿಯಬೇಕು. ಕಾರ್ಖಾನೆಯಿಂದ ಬರುವ ಇಂಗಾಲಾಮ್ಲ ಎರಡು ಬಗೆಯದು. ಒಂದು ಒಲೆಯದು, ಕಾವಿಗಾಗಿ, ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಟ್ಟಾಗ ಬರುವಂಥದು. ಕುಡತಿನಿಯ ಉಷ್ಣ ವಿದ್ಯುತ್ ಕೇಂದ್ರದಿಂದ ಬರುವುದು ಈ ಬಗೆಯದು. ಇನ್ನೊಂದು ಕಚ್ಚಾಮಾಲಿನದು, ಸರಕು ತಯಾರಾಗುವ ಕ್ರಿಯೆಯಿಂದಲೇ ಹೊರಬೀಳುವಂಥದು. ಇವತ್ತಿನ ನಮ್ಮ ವಿಷಯ ಮುಖ್ಯವಾಗಿ ಈ ಎರಡನೆಯದು.

ಸುಣ್ಣದ ಭಟ್ಟಿಯನ್ನು ನೀವೆಲ್ಲ ನೋಡಿದವರೇ. ನೂರು ಕಿಲೋ ಶುದ್ಧವಾದ ಸುಣ್ಣದಕಲ್ಲನ್ನು ಪೂರ್ತಿಯಾಗಿ ಸುಟ್ಟರೆ ಕೈಗೆ ಬರುವ ಸುಣ್ಣ 56 ಕಿಲೋ. ಉಳಿದ 44 ಕಿಲೋ ಎಲ್ಲಿ ಹೋಯಿತು? ಅದು ಕಲ್ಲಿನೊಳಗೇ ಸೇರಿಕೊಂಡಿದ್ದ ಇಂಗಾಲಾಮ್ಲ. ಕಾವು ತಗುಲಿದೊಡನೆ ಕಲ್ಲನ್ನು ಬಿಟ್ಟು ಗಾಳಿಗೆ ಹೋಯಿತು. ಭಟ್ಟಿಗೆ ಸೌದೆ ಹಾಕಿ, ಕಲ್ಲಿದ್ದಲು ಹಾಕಿ, ನಾಳೆ ಬಿಸಿಲಿನ ವಿದ್ಯುತ್ತಿನಿಂದಲೇ ಸುಡಿ, ಈ 44 ಕಿಲೋ ಹೊರಬಂದೇ ತೀರುತ್ತದೆ. ಅಕ್ಕಿ ಗಿರಣಿಯಲ್ಲಿ ಒಂದು ಕ್ವಿಂಟಲ್ ನೆಲ್ಲಿಗೆ 67 ಕಿಲೋ ಅಕ್ಕಿ ಎಂದು ಸರಕಾರ ಲೆಕ್ಕ ಕಟ್ಟಿದೆ; ಉಳಿದದ್ದು ಹೊಟ್ಟು, ತೌಡು. ಗಿರಣಿಯ ಕೆಲಸಗಾರ ಎಷ್ಟೇ ನಿಪುಣನಾದರೂ ನೂರು ಕಿಲೋ ನೆಲ್ಲಿನಿಂದ ನೂರು ಕಿಲೋ ಅಕ್ಕಿ ತೆಗೆಯಲಾರ. ಸುಣ್ಣದಕಲ್ಲಿನ ಹೊಟ್ಟು ಇಂಗಾಲಾಮ್ಲ. ವ್ಯತ್ಯಾಸವಿಷ್ಟೆ: ನೆಲ್ಲಿನ ಹೊಟ್ಟು ಕಣ್ಣಿಗೆ ಕಾಣುತ್ತದೆ, ಮಾರಾಟವಾಗುತ್ತದೆ, ಈ ಹೊಟ್ಟು ಕಾಣುವುದೂ ಇಲ್ಲ, ಹೋದದ್ದು ಬೇಗನೆ ಕರಗುವುದೂ ಇಲ್ಲ.

ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರಿಗೂ ಸುಣ್ಣದಕಲ್ಲೇ ಬೇಕು. ಒಂದು ಟನ್ ಕ್ಲಿಂಕರ್ ತಯಾರಿಸಿದರೆ, ಒಲೆಯ ಹೊಗೆಯನ್ನು ಬಿಟ್ಟು, ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲಾಮ್ಲ ಬರುತ್ತದೆ. 1953ರಲ್ಲಿ ಕೆಲಸ ಮುಗಿದ ನಮ್ಮ ತುಂಗಭದ್ರಾ ಅಣೆಕಟ್ಟು ಸುಣ್ಣ, ಸುರ್ಕಿಗಳ ಗಾರೆ ಬಳಸಿ ಕಟ್ಟಿದ ಕಲ್ಲುಕಟ್ಟಡ. ಆ ಸುಣ್ಣ ಸುಟ್ಟಾಗಲೂ ಈ ಅನಿಲ ಹೊರಬಿದ್ದೇ ಇತ್ತು. ಗಾರೆಯಾಗಲಿ ಕಾಂಕ್ರೀಟಾಗಲಿ ವರ್ಷಗಟ್ಟಲೆ ಗಾಳಿಯಲ್ಲಿ ನಿಂತು ಅದರಲ್ಲಿ ಸ್ವಲ್ಪ ಭಾಗವನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ, ಪೂರ್ತಿಯಾಗಿ ಹೀರುವುದಿಲ್ಲ.

ಕಬ್ಬಿಣದ ಕಥೆಯೂ ಇದಕ್ಕೆ ಹತ್ತಿರದ್ದೇ. ಸಂಡೂರಿನ ಕೆಂಪು ಅದಿರೆಂದರೆ ಕಬ್ಬಿಣವೂ ಆಮ್ಲಜನಕವೂ ಬಿಗಿಯಾಗಿ ಕೂಡಿಕೊಂಡ ವಸ್ತು. ಆ ಕೂಟವನ್ನು ಬಿಡಿಸದೆ ಕಬ್ಬಿಣ ಸಿಕ್ಕುವುದಿಲ್ಲ. ಊದುಕುಲುಮೆಗೆ ಹಾಕುವ ಕೋಕ್ ಬರೀ ಕಾವಿಗಾಗಿ ಅಲ್ಲ. ಅದರ ಇಂಗಾಲವು ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲಾಮ್ಲವಾಗಿ ಹೊರಬರುತ್ತದೆ, ಕಬ್ಬಿಣ ಕೆಳಗೆ ಉಳಿಯುತ್ತದೆ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಕೋಕಿನ ಬದಲು ಮಲೆನಾಡಿನ ಕಾಡಿನ ಇದ್ದಿಲನ್ನು ಬಳಸಿದರು. ಮಾಡುವ ಕೆಲಸ ಅದೇ, ಇಂಗಾಲ ಬಂದ ಮೂಲ ಬೇರೆ. ಪ್ರತಿ ನಾಡೂ ತನ್ನ ಕೈಗೆಟುಕಿದ್ದರಿಂದಲೇ ಕಬ್ಬಿಣ ಮಾಡಿಕೊಂಡು ಬಂದಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಈ ಮಾತು ನಮಗೆ ಬೇಕಾಗುತ್ತದೆ.

ಯಾರ ಪುಟದಲ್ಲಿ ಬರೆದರು?

ಲೋಕದ ರಾಷ್ಟ್ರಗಳು ತಮ್ಮ ಲೆಕ್ಕವನ್ನು ವಿಶ್ವಸಂಸ್ಥೆಗೆ ಒಪ್ಪಿಸುತ್ತವೆ. ಅದರಲ್ಲಿ ಇಂಧನಕ್ಕೆ ಒಂದು ಪುಟ, ಕೈಗಾರಿಕಾ ಕ್ರಿಯೆಗಳಿಗೆ ಒಂದು ಪುಟ, ಬೇಸಾಯಕ್ಕೆ ಒಂದು ಪುಟ, ಕಸಕ್ಕೆ ಒಂದು ಪುಟ. ಭಾರತವು 2024ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ, 2020ರ ನಮ್ಮ ಒಟ್ಟು ಲೆಕ್ಕದಲ್ಲಿ ಕೈಗಾರಿಕಾ ಕ್ರಿಯೆಗಳ ಪಾಲು ನೂರಕ್ಕೆ ಸುಮಾರು 8. ಇಂಧನದ ಪಾಲು ನೂರಕ್ಕೆ 75ಕ್ಕೂ ಹೆಚ್ಚು.

ಈ ಪುಟಗಳನ್ನು ಪಕ್ಕಪಕ್ಕ ಇಟ್ಟು ರಾಷ್ಟ್ರಗಳನ್ನು ಹೋಲಿಸುವಾಗ ಎಚ್ಚರ ಬೇಕು. ಕುಲುಮೆಯ ಕೋಕನ್ನು ಒಬ್ಬರು ಇಂಧನವೆಂದು ಬರೆದರೆ ಇನ್ನೊಬ್ಬರು ಕ್ರಿಯೆಯೆಂದು ಬರೆಯುತ್ತಾರೆ. ಹೊಗೆ ಒಂದೇ, ಪುಟ ಬೇರೆ. ಯೂರಿಯಾವನ್ನೇ ನೋಡಿ. ಅದನ್ನು ತಯಾರಿಸುವಾಗ ಕಾರ್ಖಾನೆಯು ಇಂಗಾಲಾಮ್ಲವನ್ನು ಗೊಬ್ಬರದೊಳಗೇ ಕಟ್ಟಿಹಾಕುತ್ತದೆ. ನೆಲ್ಲಿನ ಗದ್ದೆಗೆ ಎರಚಿ ನೀರು ತಗುಲಿದಾಗ ಅದು ಬಿಡುಗಡೆಯಾಗುತ್ತದೆ. 45 ಕಿಲೋ ಚೀಲದಲ್ಲಿ ಹೀಗೆ ಕಟ್ಟಿಹಾಕಿದ ಇಂಗಾಲಾಮ್ಲ ಸುಮಾರು 33 ಕಿಲೋ. ಆ ಚೀಲ ಪರದೇಶದಿಂದ ಬಂದಿದ್ದರೂ ಈ 33 ಕಿಲೋ ಬರೆಯುವುದು ನಮ್ಮ ದೇಶದ ಬೇಸಾಯದ ಪುಟದಲ್ಲಿ. ಲೆಕ್ಕ ಸುಳ್ಳೆಂದು ನಾವು ಹೇಳುತ್ತಿಲ್ಲ. ಲೆಕ್ಕಕ್ಕೂ ಒಂದು ಕಟ್ಟಳೆಯಿದೆ, ಕಟ್ಟಳೆ ತಿಳಿಯದವನಿಗೆ ಅಂಕಿ ಮೋಸ ಮಾಡುತ್ತದೆ ಎನ್ನುತ್ತಿದ್ದೇವೆ.

ಮೊದಲ ತಕ್ಕಡಿ: ಒಟ್ಟು ರಾಶಿ

ಮೊದಲನೆಯ ತಕ್ಕಡಿಯಲ್ಲಿ ಪ್ರದೇಶಕ್ಕೆ ಪ್ರದೇಶವನ್ನೇ ತೂಗುತ್ತಾರೆ. 2023ರಲ್ಲಿ ಲೋಕದಲ್ಲಿ ತಯಾರಾದ ಉಕ್ಕು ಸುಮಾರು 189 ಕೋಟಿ ಟನ್. ಅದರಲ್ಲಿ ಚೀನಾ ಒಂದರದ್ದೇ 102 ಕೋಟಿ ಟನ್ನಿನ ಹತ್ತಿರ; ಅರ್ಧಕ್ಕಿಂತ ಹೆಚ್ಚು. ಭಾರತದ್ದು 14 ಕೋಟಿ. 2018ರಲ್ಲೇ ನಾವು ಜಪಾನನ್ನು ಹಿಂದೆ ಹಾಕಿ ಎರಡನೆಯ ಸ್ಥಾನಕ್ಕೆ ಬಂದೆವು. ಯೂರೋಪಿನ ಒಕ್ಕೂಟದ 27 ರಾಷ್ಟ್ರಗಳದ್ದು ಸೇರಿ 12 ಕೋಟಿ 60 ಲಕ್ಷ, ಅಮೆರಿಕದ್ದು 8 ಕೋಟಿ ಚಿಲ್ಲರೆ. ಇಡೀ ಆಫ್ರಿಕಾ ಖಂಡದ್ದು 2 ಕೋಟಿ ಚಿಲ್ಲರೆ ಮಾತ್ರ.

ಸಿಮೆಂಟಿನಲ್ಲೂ ಹಾಗೆಯೇ. ಸುಣ್ಣದಕಲ್ಲಿನಿಂದ ಹೊರಬೀಳುವ ಇಂಗಾಲಾಮ್ಲ ಲೋಕಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 160 ಕೋಟಿ ಟನ್. ಅದರಲ್ಲಿ ಅರ್ಧದ ಹತ್ತಿರ ಚೀನಾದ್ದು, ಅನಂತರದ ಸ್ಥಾನ ಭಾರತದ್ದು. ಈ ತಕ್ಕಡಿಯಲ್ಲಿ ಏಷ್ಯಾ ಖಂಡವೇ ಅಪರಾಧಿ. ಪಾಶ್ಚಾತ್ಯ ಪತ್ರಿಕೆಗಳಿಗೆ ಬಲು ಪ್ರಿಯವಾದ ತಕ್ಕಡಿ ಇದು. ಇದು ಸುಳ್ಳಲ್ಲ. ಆಕಾಶಕ್ಕೆ ಹೋಗುವ ಅನಿಲಕ್ಕೆ ಜಾತಿಯೂ ಇಲ್ಲ, ದೇಶವೂ ಇಲ್ಲ. ಹೆಚ್ಚು ಹೋದ ಕಡೆ ಹೆಚ್ಚು ಕಡಿಮೆಮಾಡಬೇಕಾದ್ದು ಸಹಜ. ಆದರೆ ನೂರು ಜನ ಉಣ್ಣುವ ಮನೆಯ ಅಕ್ಕಿಯನ್ನೂ ನಾಲ್ಕು ಜನ ಉಣ್ಣುವ ಮನೆಯ ಅಕ್ಕಿಯನ್ನೂ ಒಟ್ಟಾಗಿ ತೂಗಿ, ನೂರು ಜನರ ಮನೆಯವರೇ ಹೊಟ್ಟೆಬಾಕರು ಎಂದರೆ ಒಪ್ಪುವವರು ಯಾರು?

ಎರಡನೆಯ ತಕ್ಕಡಿ: ತಲೆಗೆ ಎಷ್ಟು?

ಆದುದರಿಂದ ಎರಡನೆಯ ತಕ್ಕಡಿ ತರಬೇಕಾಗುತ್ತದೆ. ಒಲೆಯದ್ದನ್ನೂ ಸಿಮೆಂಟಿನದ್ದನ್ನೂ ಸೇರಿಸಿ ತಲೆಗೆ ಹಂಚಿದರೆ, ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲಾಮ್ಲ ಬರುತ್ತದೆ. ಲೋಕದ ಸರಾಸರಿ ಐದು ಟನ್ನಿಗೆ ಸ್ವಲ್ಪ ಕಡಿಮೆ. ಯೂರೋಪಿನ ಒಕ್ಕೂಟದವನದ್ದು ಐದೂವರೆ ಟನ್ನಿನ ಆಸುಪಾಸು, ಚೀನಾದವನದ್ದು ಎಂಟು ಟನ್ನಿಗೆ ಮೇಲೆ, ಅಮೆರಿಕದವನದ್ದು ಹದಿನಾಲ್ಕು ಟನ್ನಿನ ಆಸುಪಾಸು. ಉಕ್ಕಿನ ಬಳಕೆಯಲ್ಲೂ ಇದೇ ಅಂತರ. ನಮ್ಮಲ್ಲಿ ತಲೆಗೆ ವರ್ಷಕ್ಕೆ ನೂರು ಕಿಲೋ ಆಸುಪಾಸು. ಲೋಕದ ಸರಾಸರಿ ಅದರ ಎರಡರಷ್ಟಕ್ಕೂ ಹೆಚ್ಚು. ಚೀನಾದಲ್ಲಿ ಅದರ ಆರರಷ್ಟಕ್ಕೂ ಹೆಚ್ಚು.

ಇದು ನಮಗೆ ಹಿತವಾದ ತಕ್ಕಡಿ. ಹಿತವಾದದ್ದರಿಂದಲೇ ಇಲ್ಲೂ ಎಚ್ಚರ ಬೇಕು. ಸರಾಸರಿ ಎಂಬುದು ಬಂಗಲೆಯವನನ್ನೂ ಗುಡಿಸಲಿನವನನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ತಲೆಗೆ 2 ಟನ್ ಎಂಬ ಲೆಕ್ಕದಲ್ಲಿ, ನಾಲ್ಕು ಅಂತಸ್ತಿನ ಮನೆ ಕಟ್ಟಿಸಿ ನಾಲ್ಕು ಕಾರು ಇಟ್ಟವನ ಪಾಲನ್ನು ಹಮಾಲಿ ಮಾಡುವವನ ತೆಳ್ಳಗಿನ ಪಾಲು ಮರೆಮಾಡುತ್ತದೆ. ನಮ್ಮ ದೇಶದ ಧನಿಕರು ಅಂತರರಾಷ್ಟ್ರೀಯ ಸಭೆಗಳಲ್ಲಿ ಬಡವರ ಹೆಗಲ ಹಿಂದೆ ನಿಂತು ವಾದ ಮಾಡುವುದನ್ನು ನಾವು ಒಪ್ಪಲಾಗದು.

ಮೂರನೆಯ ತಕ್ಕಡಿ: ಟನ್ ಸರಕಿಗೆ ಎಷ್ಟು?

ಯೂರೋಪು ತನ್ನ ಬಂದರಿನಲ್ಲಿ ಇಟ್ಟಿರುವುದು ಮೂರನೆಯ ತಕ್ಕಡಿ. ಅದು ಜನರನ್ನು ಎಣಿಸುವುದಿಲ್ಲ. ಒಂದು ಟನ್ ಸರಕಿಗೆ ಎಷ್ಟು ಟನ್ ಇಂಗಾಲಾಮ್ಲ ಎಂದಷ್ಟೇ ಕೇಳುತ್ತದೆ. ಈ ತಕ್ಕಡಿಯಲ್ಲಿ ನಮ್ಮ ಉಕ್ಕು ಹಿಂದೆ ಬಿದ್ದಿದೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಲೋಕದ ಸರಾಸರಿ ಒಂದು ಟನ್ ಉಕ್ಕಿಗೆ ಸುಮಾರು 1.9 ಟನ್, ಭಾರತದ್ದು ಸುಮಾರು 2.5 ಟನ್. ಊದುಕುಲುಮೆಯ ದಾರಿಯಲ್ಲಿ ಸುಮಾರು 2.3 ಟನ್ ಆಗುತ್ತದೆ. ಹಳೆಯ ಉಕ್ಕನ್ನು, ಎಂದರೆ ಗುಜರಿಯನ್ನು, ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ 0.7 ಟನ್ನಿನಷ್ಟೇ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚು ಆಗುವುದು ಕಲ್ಲಿದ್ದಲಿನ ಸ್ಪಾಂಜ್ ಕಬ್ಬಿಣದ ದಾರಿಯಲ್ಲಿ. ಆ ದಾರಿ ಭಾರತದಲ್ಲಿ ಹೇರಳವಾಗಿದೆ, ನಮ್ಮ ಬಳ್ಳಾರಿಯಲ್ಲೂ ಇದೆ.

ಆದರೆ ಸಿಮೆಂಟಿನಲ್ಲಿ ಇದೇ ತಕ್ಕಡಿ ನಮ್ಮ ಕಡೆ ವಾಲುತ್ತದೆ. ಉಷ್ಣ ವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನೂ ಊದುಕುಲುಮೆಯ ಕಿಟ್ಟವನ್ನೂ ಬೆರೆಸಿ ಸಿಮೆಂಟು ಮಾಡುವುದು ನಮ್ಮಲ್ಲಿ ವ್ಯಾಪಕವಾಗಿದೆ. ತೋರಣಗಲ್ಲಿನ ಕಿಟ್ಟವೂ ಹೀಗೆ ಸಿಮೆಂಟಾಗುತ್ತದೆ. ಬೂದಿ, ಕಿಟ್ಟ ಹೆಚ್ಚು ಸೇರಿದಷ್ಟೂ ಸುಣ್ಣದಕಲ್ಲು ಸುಡುವುದು ಕಡಿಮೆಯಾಗುತ್ತದೆ. ಆದುದರಿಂದ ಒಂದು ಟನ್ ಭಾರತೀಯ ಸಿಮೆಂಟಿನ ಹಿಂದೆ ಇರುವ ಇಂಗಾಲಾಮ್ಲ ಲೋಕದ ಸರಾಸರಿಗಿಂತ ಕಡಿಮೆ. ಭಾರತೀಯನಿಗೆ ಕಾರ್ಖಾನೆ ನಡೆಸಲು ಬಾರದು ಎಂಬ ಮಾತು ಇದರಿಂದ ಬಿದ್ದುಹೋಗುತ್ತದೆ. ಸಿಮೆಂಟು ಮಾಡುವುದೂ ಉಕ್ಕು ಮಾಡುವುದೂ ಇದೇ ಜನ, ಇದೇ ಬಂಡವಾಳ. ಹಾಗಾದರೆ ಉಕ್ಕಿನಲ್ಲಿ ಹಿಂದೆ ಬಿದ್ದುದಕ್ಕೆ ಕಾರಣ ಬೇರೆ ಇರಬೇಕು.

ನಾಲ್ಕನೆಯ ತಕ್ಕಡಿ: ಹಳೆಯ ಬಾಕಿ

ಕಾರಣ ನಾಲ್ಕನೆಯ ತಕ್ಕಡಿಯಲ್ಲಿದೆ. ಇಂಗಾಲಾಮ್ಲ ನೂರಾರು ವರ್ಷ ಆಕಾಶದಲ್ಲಿ ಉಳಿಯುವಂಥದು. ಆದುದರಿಂದ ಈ ವರ್ಷದ ಲೆಕ್ಕ ಮಾತ್ರ ಸಾಲದು, ಹಳೆಯ ಬಾಕಿಯನ್ನೂ ತೆಗೆಯಬೇಕು. ಕೈಗಾರಿಕಾ ಯುಗ ಆರಂಭವಾದಂದಿನಿಂದ ಲೋಕವು ಹೊರಬಿಟ್ಟ ಒಟ್ಟು ರಾಶಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅಮೆರಿಕದ್ದು. ಬ್ರಿಟನ್ನನ್ನೂ ಸೇರಿಸಿಕೊಂಡ ಯೂರೋಪಿನ ಒಕ್ಕೂಟದ್ದು ನೂರಕ್ಕೆ 20ಕ್ಕೂ ಹೆಚ್ಚು. ಚೀನಾದ್ದು ನೂರಕ್ಕೆ 15ರ ಆಸುಪಾಸು. ಭಾರತದ್ದು ನೂರಕ್ಕೆ 3ರಿಂದ 4.

ಇದು ಬರಿಯ ಹಳೆಯ ಜಗಳವಲ್ಲ, ಬಂಧುಗಳೇ. ಮೂರನೆಯ ತಕ್ಕಡಿಗೂ ನಾಲ್ಕನೆಯದಕ್ಕೂ ನೇರವಾದ ಸಂಬಂಧವಿದೆ. ಇಂದು ಅಮೆರಿಕದಲ್ಲಿ ತಯಾರಾಗುವ ಉಕ್ಕಿನಲ್ಲಿ ನೂರಕ್ಕೆ ಸುಮಾರು 70 ಪಾಲು ವಿದ್ಯುತ್ ಕುಲುಮೆಯದು, ಹೆಚ್ಚಾಗಿ ಗುಜರಿಯಿಂದ ಬಂದದ್ದು. ಹೀಗಾಗಿ ಅವರ ಟನ್ನಿಗೆ ಇಂಗಾಲಾಮ್ಲ ಕಡಿಮೆ. ಆ ಗುಜರಿ ಎಲ್ಲಿಂದ ಬಂತು? ನೂರು ವರ್ಷಗಳ ಕಾಲ ಕಲ್ಲಿದ್ದಲು ಉರಿಸಿ ಮಾಡಿದ ಹಳಿಗಳು, ಸೇತುವೆಗಳು, ಮೋಟಾರುಗಳು ಈಗ ಮುದಿಯಾಗಿ ಕುಲುಮೆಗೆ ಮರಳಿ ಬರುತ್ತಿವೆ. ಅಂದಿನ ಹೊಗೆ ಇಂದಿಗೂ ಆಕಾಶದಲ್ಲಿದೆ. ಅಂದಿನ ಉಕ್ಕು ಇಂದು ಅವರ ಗೋದಾಮಿನಲ್ಲಿದೆ. ಬಾಕಿ ಲೋಕಕ್ಕೆಲ್ಲ, ಆಸ್ತಿ ಅವರಿಗೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ನೂರು ಕಿಲೋ ಉಕ್ಕು ಬಳಸುವುದಕ್ಕೆ ಈಗಷ್ಟೇ ತೊಡಗಿದ್ದೇವೆ. ಕರಗಿಸುವುದಕ್ಕೆ ಹಳೆಯ ಉಕ್ಕಿಲ್ಲ. ಹೊಸ ಮನೆಗೆ, ಹೊಸ ಕಾಲುವೆಯ ಬಾಗಿಲಿಗೆ, ಹೊಸ ರೈಲುಹಳಿಗೆ ಅದಿರಿನಿಂದಲೇ ಕಬ್ಬಿಣ ತೆಗೆಯಬೇಕು. ನಮ್ಮ ನೆಲದಲ್ಲಿ ನೈಸರ್ಗಿಕ ಅನಿಲ ಕಡಿಮೆ, ಕಲ್ಲಿದ್ದಲು ಹೆಚ್ಚು. ಭದ್ರಾವತಿಯವರು ಕೈಗೆಟುಕಿದ ಇದ್ದಿಲಿನಿಂದ ಕಬ್ಬಿಣ ತೆಗೆದ ಹಾಗೆ ಬಳ್ಳಾರಿಯವರು ಕೈಗೆಟುಕಿದ ಕಲ್ಲಿದ್ದಲಿನಿಂದ ತೆಗೆಯುತ್ತಿದ್ದಾರೆ.

ಇನ್ನೂ ಒಂದು ಮಾತು. ತಯಾರಿಸಿದವನ ಲೆಕ್ಕಕ್ಕೆ ಬರೆದ ಸರಕನ್ನು ಬಳಸಿದವನು ಬೇರೆಯವನಾಗಿರಬಹುದು. 2024ರಲ್ಲಿ ಚೀನಾ 11 ಕೋಟಿ ಟನ್ನಿಗೂ ಹೆಚ್ಚು ಉಕ್ಕನ್ನು ಪರದೇಶಗಳಿಗೆ ಕಳಿಸಿತು. ಆ ಹೊಗೆ ಬರೆದದ್ದು ಚೀನಾದ ಪುಟದಲ್ಲಿ. ಸೇತುವೆ, ಹಡಗು, ಯಂತ್ರಗಳಾಗಿ ನಿಂತದ್ದು ಬೇರೆಯವರ ನೆಲದಲ್ಲಿ. ತೋರಣಗಲ್ಲಿನಿಂದ ಹೊರಗೆ ಹೋದ ಪ್ರತಿ ಸುರುಳಿ ಉಕ್ಕಿಗೂ ಇದೇ ಮಾತು ಸಲ್ಲುತ್ತದೆ. ಉಕ್ಕು ಹಡಗು ಹತ್ತುತ್ತದೆ, ಕೆಂಪು ಧೂಳು ಸಂಡೂರಿನಲ್ಲಿ ಉಳಿಯುತ್ತದೆ.

ಬಿಲ್ಲು ಯಾರ ಹೆಸರಿಗೆ?

ಈಗ ಯೂರೋಪಿನ ಸುಂಕಕ್ಕೆ ಮರಳಿ ಬರೋಣ. ಯೂರೋಪಿನವರು ತಮ್ಮ ಕಾರ್ಖಾನೆಗಳಿಗೂ ಇಂಗಾಲಾಮ್ಲದ ಬೆಲೆ ಕಟ್ಟಿದ್ದಾರೆ ಎಂಬುದು ನಿಜ. 2005ರಿಂದಲೇ ಅಲ್ಲಿ ಆ ವ್ಯವಸ್ಥೆ ಇದೆ. ಆದರೆ ತಮ್ಮ ಉಕ್ಕು, ಸಿಮೆಂಟು ಕಾರ್ಖಾನೆಗಳಿಗೆ ಅವರು ಪರವಾನಗಿಯ ಬಹುಭಾಗವನ್ನು ಇಷ್ಟು ಕಾಲವೂ ಪುಕ್ಕಟೆಯಾಗಿ ಕೊಡುತ್ತ ಬಂದರು. ಆ ಪುಕ್ಕಟೆ ಪಾಲನ್ನು 2026ರಿಂದ 2034ರವರೆಗೆ ಮೆಲ್ಲಮೆಲ್ಲನೆ ತೆಗೆಯುತ್ತಾರಂತೆ. ಎಂದರೆ ತಮ್ಮ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಉದ್ದರಿ ಕೊಟ್ಟ ಅಂಗಡಿಯವರು ನೆರೆಯವನಿಗೆ ಎರಡೂಕಾಲು ವರ್ಷದ ವಾಯಿದೆ ಕೊಟ್ಟು ನಗದು ಕೇಳುತ್ತಿದ್ದಾರೆ. 2025ರಲ್ಲಿ ಇನ್ನೊಂದು ತಿದ್ದುಪಡಿಯಾಯಿತು: ವರ್ಷಕ್ಕೆ 50 ಟನ್ನಿಗಿಂತ ಕಡಿಮೆ ಮಾಲು ತರಿಸುವ ಅಲ್ಲಿನ ಆಮದುದಾರರಿಗೆ ವಿನಾಯಿತಿ ಕೊಟ್ಟರು. ಅಲ್ಲಿನ ಸಣ್ಣ ವ್ಯಾಪಾರಿಯ ಕಷ್ಟ ಅವರಿಗೆ ಅರ್ಥವಾಯಿತು, ಒಳ್ಳೆಯದೇ. ಆದರೆ ದೊಡ್ಡ ಆಮದುದಾರನಿಗೆ ಬೋಲ್ಟು, ಸ್ಕ್ರೂ ಮಾಡಿಕೊಡುವ ನಮ್ಮ ದೇಶದ ಸಣ್ಣ ಘಟಕದವನು ಟನ್ನಿಗಿಷ್ಟು ಇಂಗಾಲಾಮ್ಲವೆಂದು ಲೆಕ್ಕ ಬರೆಸಿ ಒಪ್ಪಿಸಬೇಕು. ದೊಡ್ಡ ಕಾರ್ಖಾನೆಗೆ ಲೆಕ್ಕಿಗರ ಪಡೆಯೇ ಇದೆ, ಸಣ್ಣವನಿಗೆ ಯಾರಿದ್ದಾರೆ?

ಆದರೂ ಆ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದಿದೆ. ಸರಕು ತಯಾರಾದ ದೇಶದಲ್ಲೇ ಇಂಗಾಲಾಮ್ಲಕ್ಕೆ ಬೆಲೆ ತೆತ್ತಿದ್ದರೆ ಯೂರೋಪಿನ ಸುಂಕದಲ್ಲಿ ಅಷ್ಟನ್ನು ಕಳೆಯುತ್ತಾರೆ. ತೆರಬೇಕಾದ ಹಣ ಯೂರೋಪಿನ ಖಜಾನೆಗೆ ಹೋಗಬೇಕೋ, ಇಲ್ಲೇ ಉಳಿಯಬೇಕೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಇದರಿಂದ ನಮ್ಮ ಸರಕಾರದ ಕೈಯಲ್ಲೂ ಇದೆ. 2023ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರಕಾರವು ಇಂಗಾಲದ ಸಾಲಪತ್ರಗಳ ಪೇಟೆಯೊಂದನ್ನು ಪ್ರಕಟಿಸಿತು. 2024ರ ಡಿಸೆಂಬರಿನಲ್ಲಿ ಉಕ್ಕಿನ ಸಚಿವಾಲಯವು ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲಾಮ್ಲದ ಉಕ್ಕನ್ನು ಹಸಿರು ಉಕ್ಕೆಂದು ಕರೆದು ನಕ್ಷತ್ರಗಳ ದರ್ಜೆ ಕೊಟ್ಟಿತು. ಹೆಜ್ಜೆಗಳು ಸರಿಯಾದ ಕಡೆಗೇ ಇವೆ. ಆದರೆ ಪೇಟೆಯಲ್ಲಿ ಹುಟ್ಟುವ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಕೇಳುವವರು ಬೇಕು.

ಎರಡು ಸುಲಭದ ಉತ್ತರಗಳು

ಈ ವಿಷಯದಲ್ಲಿ ಎರಡು ಸುಲಭದ ಉತ್ತರಗಳು ಓಡಾಡುತ್ತಿವೆ. ಎರಡನ್ನೂ ನಾವು ಒಪ್ಪುವುದಿಲ್ಲ.

ಪಾಪ ಮಾಡಿದವರು ಪಾಶ್ಚಾತ್ಯರು, ನಾವೇಕೆ ಬದಲಾಗಬೇಕು ಎಂಬುದು ಮೊದಲನೆಯದು. ಹಳೆಯ ಬಾಕಿಯ ಮಾತು ನಿಜ; ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಬಾಕಿ ವಸೂಲಾಗುವವರೆಗೆ ಬಿಸಿಲು ಕಾಯುವುದಿಲ್ಲ. ಬಳ್ಳಾರಿಯ ಬೇಸಗೆಯಲ್ಲಿ ಚೀಲ ಹೊರುವವನು, ಕುಲುಮೆಯ ಮುಂದೆ ನಿಲ್ಲುವವನು ಹವಾಯಂತ್ರದ ಕೋಣೆಯಲ್ಲಿ ಕುಳಿತವನಲ್ಲ. ಮಳೆಯ ಗತಿ ಕೆಟ್ಟು ಹೊಳೆ ಬತ್ತಿದರೆ ಮೊದಲು ನಿಲ್ಲುವುದು ಕಾಲುವೆಯ ಕೊನೆಯ ಗದ್ದೆ, ಆಮೇಲೆ ಗಿರಣಿ. ಇದಲ್ಲದೆ ಹಳೆಯ ದಾರಿಯಲ್ಲೇ ಹೊಸ ಕುಲುಮೆ ಕಟ್ಟಿದರೆ ಅದು ಹಲವು ದಶಕ ಉರಿಯುತ್ತದೆ. ಅಷ್ಟರಲ್ಲಿ ಲೋಕದ ಪೇಟೆ ಆ ಉಕ್ಕಿಗೆ ಬಾಗಿಲು ಹಾಕಿದರೆ ಬಂಡವಾಳಗಾರ ಬೇರೆ ವ್ಯಾಪಾರ ಹುಡುಕಿಕೊಂಡಾನು. ಕಾರ್ಮಿಕ ಎಲ್ಲಿಗೆ ಹೋದಾನು?

ಕುಲುಮೆಗಳನ್ನು ಮುಚ್ಚಿಬಿಡಿ ಎಂಬುದು ಎರಡನೆಯ ಉತ್ತರ. ಒಂದು ಉದ್ಯಮ ಒಂದೇ ದಿನದಲ್ಲಿ ನಿಂತರೆ ಏನಾಗುತ್ತದೆಂಬುದನ್ನು ಈ ಜಿಲ್ಲೆ ಬಲ್ಲದು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಬೇಕಾಗಿತ್ತು. ಆ ತೀರ್ಪಿನ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಲಾಭ ತಿಂದವರ ಮನೆಯ ಒಲೆ ಆರಲಿಲ್ಲ. ಆರಿದ್ದು ಲಾರಿ ಓಡಿಸುವವನ, ಅದಿರು ತುಂಬುವವನ, ದಾರಿಬದಿಯಲ್ಲಿ ಹೋಟೆಲಿಟ್ಟವನ ಮನೆಯ ಒಲೆ. ಬದಲಾವಣೆ ಬರುವುದು ಖಂಡಿತವಾದರೆ, ಅದು ಹೇಳಿ ಕೇಳಿ, ಮೆಟ್ಟಲು ಮೆಟ್ಟಲಾಗಿ, ದುಡಿಯುವವರ ಹೊಟ್ಟೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಬರಬೇಕು.

ಬದಲಾವಣೆಯ ದಾರಿ ಇಲ್ಲವೆಂದಲ್ಲ. ಅದಿರಿನ ಆಮ್ಲಜನಕವನ್ನು ಕೀಳಲು ಇಂಗಾಲದ ಬದಲು ಜಲಜನಕವನ್ನು ಬಳಸಿದರೆ ಇಂಗಾಲಾಮ್ಲದ ಬದಲು ನೀರು ಬರುತ್ತದೆ. ಸ್ವೀಡನ್ನಿನ ಲೂಲಿಯೊ ಪಟ್ಟಣದಲ್ಲಿ 2020ರಲ್ಲಿ ಇದಕ್ಕಾಗಿ ಪ್ರಯೋಗದ ಕಾರ್ಖಾನೆ ಆರಂಭವಾಯಿತು. 2021ರಲ್ಲಿ ಜಲಜನಕದಿಂದಲೇ ಸ್ಪಾಂಜ್ ಕಬ್ಬಿಣ ತೆಗೆದು ತೋರಿಸಿದರು. ಆದರೆ ನೀರನ್ನು ಒಡೆದು ಜಲಜನಕ ಪಡೆಯಲು ಬಿಸಿಲಿನದೋ ಗಾಳಿಯದೋ ಅಗ್ಗದ ವಿದ್ಯುತ್ತು ಹೇರಳವಾಗಿ ಬೇಕು, ಬಂಡವಾಳವೂ ಬೇಕು. ಬಿಸಿಲಿಗೂ ಗಾಳಿಗೂ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹಳೆಯ ಬಾಕಿ ಇರುವ ರಾಷ್ಟ್ರಗಳು ಆ ವಿದ್ಯೆಯನ್ನೂ ಅಗ್ಗದ ಬಡ್ಡಿಯ ಹಣವನ್ನೂ ಕೊಡಬೇಕೆಂದು ಕೇಳುವುದು ಭಿಕ್ಷೆಯಲ್ಲ. ಬಾಕಿಯ ಒಂದು ಕಂತು.

ನಾವು ಕೇಳಬೇಕಾದದ್ದು

ಕೊನೆಯದಾಗಿ, ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಒಂದನೆಯದು, ಪ್ರತಿ ಉಕ್ಕು, ಸ್ಪಾಂಜ್ ಕಬ್ಬಿಣ ಹಾಗೂ ಸಿಮೆಂಟು ಘಟಕವು ಟನ್ನಿಗೆ ಎಷ್ಟು ಇಂಗಾಲಾಮ್ಲ ಹೊರಬಿಡುತ್ತದೆಂಬುದನ್ನು ಕನ್ನಡದಲ್ಲಿ ಬರೆದು ಕಾರ್ಖಾನೆಯ ಬಾಗಿಲಲ್ಲಿ ತೂಗುಹಾಕಬೇಕು. ಯೂರೋಪಿನ ಅಧಿಕಾರಿಗೆ ತೋರಿಸುವ ಲೆಕ್ಕವನ್ನು ಅಲ್ಲೇ ಬೆವರು ಸುರಿಸುವವನಿಗೆ ತೋರಿಸಲು ಏನು ಅಡ್ಡಿ?

ಎರಡನೆಯದು, ಇಂಗಾಲಾಮ್ಲದ ಹೆಸರಿನಲ್ಲಿ ದೇಶದಲ್ಲಿ ಸಂಗ್ರಹವಾಗುವ ಹಣದ ಒಂದು ಗೊತ್ತಾದ ಪಾಲು, ಆ ಉದ್ಯಮ ನಡೆಯುವ ಜಿಲ್ಲೆಗೇ ಬರಬೇಕು. ಹೊಸ ಕುಲುಮೆಗೆ ಕೆಲಸಗಾರರನ್ನು ಅಣಿಗೊಳಿಸುವ ಶಿಕ್ಷಣಕ್ಕೂ, ಕೆಲಸ ತಪ್ಪಿದವರ ಜೀವನಾಂಶಕ್ಕೂ ಮೀಸಲಾಗಬೇಕು. ಗುತ್ತಿಗೆ ಕಾರ್ಮಿಕನೂ ಆ ಪಟ್ಟಿಯಲ್ಲಿರಬೇಕು.

ಮೂರನೆಯದು, ಸಣ್ಣ ಘಟಕಗಳ ಲೆಕ್ಕ ಬರೆದುಕೊಡುವ ಕೆಲಸವನ್ನು ಸರಕಾರವೇ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಮಾಡಿಸಿಕೊಡಬೇಕು. ಇಲ್ಲವಾದರೆ ಈ ಸುಂಕವು ಸಣ್ಣವರನ್ನು ನುಂಗಿ ದೊಡ್ಡವರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡುವ ಯಂತ್ರವಾಗುತ್ತದೆ.

ನಾಲ್ಕನೆಯದು, ನಮ್ಮ ಪ್ರತಿನಿಧಿಗಳು ಲೋಕದ ಸಭೆಗಳಿಗೆ ಹೋಗುವಾಗ ನಾಲ್ಕು ತಕ್ಕಡಿಗಳನ್ನೂ ಒಯ್ಯಬೇಕು. ತಲೆಯ ಲೆಕ್ಕವನ್ನೂ ಹಳೆಯ ಬಾಕಿಯನ್ನೂ ಅಲ್ಲಿ ಕೇಳಬೇಕು, ಟನ್ನಿನ ಲೆಕ್ಕದಲ್ಲಿ ನಮ್ಮ ಹಿಂದುಳಿಕೆಯನ್ನು ಇಲ್ಲಿ ಬಂದು ಸರಿಪಡಿಸಬೇಕು.

ಬಂಧುಗಳೇ, ಈ ಅಂಕಿಗಳನ್ನು ಇಲ್ಲಿಗೇ ಬಿಟ್ಟು ಹೋಗಬೇಡಿ. ನಾಳೆ ಗಿರಣಿಯಲ್ಲಿ ಬಿಡುವಿನ ವೇಳೆ, ಅಂಗಡಿಯ ಕಟ್ಟೆಯ ಮೇಲೆ, ಇವನ್ನು ನಾಲ್ಕು ಜನರೊಡನೆ ಚರ್ಚಿಸಿ. ತೋರಣಗಲ್ಲಿಗೆ ಕೆಲಸಕ್ಕೆ ಹೋಗುವ ಅಣ್ಣತಮ್ಮಂದಿರಿಗೆ ಹೇಳಿ. ಅವರಿಗೆ ಗೊತ್ತಿರುವುದನ್ನು ಅವರಿಂದ ಕೇಳಿ ತಿಳಿದುಕೊಳ್ಳಿ.